ಸೀಟಿಗೊಂದು ಬೆಲೆ, ಮನೆಗೊಂದು ಸಾಲ



ಈ ದತ್ತಿ ಉಪನ್ಯಾಸಕ್ಕೆ ಉನ್ನತ ಶಿಕ್ಷಣದ ಯಾವುದಾದರೂ ವಿಷಯ ಆರಿಸಿಕೊಳ್ಳಿ ಎಂದು ಸಂಘಟಕರು ಹೇಳಿದರು. ನಾನು ಸಾಲದ ವಿಷಯ ಆರಿಸಿಕೊಂಡೆ. ಪಠ್ಯಕ್ರಮ, ಸಂಶೋಧನೆ, ಶಿಕ್ಷಣ ನೀತಿ ಇವುಗಳ ಬಗ್ಗೆ ವೇದಿಕೆಗಳ ಮೇಲೆ ಬೇಕಾದಷ್ಟು ಮಾತು ನಡೆಯುತ್ತದೆ. ಫೀಸಿನ ಹಣ ಎಲ್ಲಿಂದ ಬಂತು ಅನ್ನುವ ಮಾತು ಮಾತ್ರ ಗಂಡ ಹೆಂಡತಿ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಆಡುವಲ್ಲಿಗೇ ಮುಗಿದುಹೋಗುತ್ತದೆ. ಅರ್ಥಶಾಸ್ತ್ರದ ಮೇಷ್ಟರಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಕಾಲೇಜುಗಳಲ್ಲಿ ಪಾಠ ಹೇಳಿದ ನನಗೆ ಆ ಮಾತನ್ನು ಇಲ್ಲಿ ಆಡಬೇಕು ಅನ್ನಿಸಿತು. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದುವ ಮಗುವಿಗೂ ಖಾಸಗಿಯಲ್ಲಿ ಓದುವ ಮಗುವಿಗೂ ಸಾಲ ಹೇಗೆ ಹುಟ್ಟುತ್ತದೆ, ನೆರವು ಯಾರನ್ನು ತಲುಪುತ್ತದೆ, ಯಾರನ್ನು ತಲುಪುವುದಿಲ್ಲ, ಇಷ್ಟೇ ನನ್ನ ವಿಷಯ.

ನಮ್ಮ ರಾಜ್ಯದ ಒಂದು ಖಾಸಗಿ ವೈದ್ಯಕೀಯ ಕಾಲೇಜಿನ ಮೊದಲ ವರ್ಷದ ತರಗತಿಯನ್ನು ನೆನೆಸಿಕೊಳ್ಳಿ. ಅಂಗರಚನಾ ಶಾಸ್ತ್ರದ ಮೇಜಿನ ಸುತ್ತ ಮಕ್ಕಳು ನಿಂತಿದ್ದಾರೆ. ಎಲ್ಲರಿಗೂ ಅದೇ ದೇಹ, ಅದೇ ಪ್ರಾಧ್ಯಾಪಕರು, ಅದೇ ಪರೀಕ್ಷೆ. ಇವರಲ್ಲಿ ನೂರಕ್ಕೆ ನಲವತ್ತು ಮಂದಿ ಸರ್ಕಾರಿ ಕೋಟಾದವರು. ಇತ್ತೀಚಿನ ವರ್ಷಗಳಲ್ಲಿ ಇವರ ವಾರ್ಷಿಕ ಶುಲ್ಕ ಒಂದೂವರೆ ಲಕ್ಷದ ಆಸುಪಾಸು. ಇನ್ನು ನಲವತ್ತು ಮಂದಿ ಖಾಸಗಿ ಸೀಟಿನವರು. ಇವರದು ಹತ್ತು ಹನ್ನೆರಡು ಲಕ್ಷ. ಉಳಿದ ಇಪ್ಪತ್ತು ಮಂದಿ ಎನ್‌ಆರ್‌ಐ ಮತ್ತು ಇತರೆ ಸೀಟಿನವರು. ಇವರದು ಅದಕ್ಕೂ ಹಲವು ಪಟ್ಟು. ಇದೇ ಊರಿನ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಹೋದರೆ ವರ್ಷಕ್ಕೆ ಒಂದು ಲಕ್ಷವೂ ಆಗುವುದಿಲ್ಲ. ಎಂಜಿನಿಯರಿಂಗ್‌ನಲ್ಲೂ ಕಥೆ ಇದೇ, ಅಂಕಿಗಳು ಚಿಕ್ಕವು: ನೂರಕ್ಕೆ 45 ಸರ್ಕಾರದ ಸಿಇಟಿ ಸೀಟು, 30 ಖಾಸಗಿ ಕಾಲೇಜುಗಳ ಕಾಮೆಡ್-ಕೆ ಪರೀಕ್ಷೆಯ ಸೀಟು, 25 ಮ್ಯಾನೇಜ್‌ಮೆಂಟ್.

ಹಾಗಾಗಿ ಸರ್ಕಾರಿಯೋ ಖಾಸಗಿಯೋ ಅನ್ನುವ ಗೆರೆ ಕರ್ನಾಟಕದಲ್ಲಿ ಎರಡು ಕ್ಯಾಂಪಸ್‌ಗಳ ನಡುವೆ ಮಾತ್ರ ಇಲ್ಲ. ಅದು ಒಂದೇ ತರಗತಿಯ ಒಳಗೆ, ಒಂದೇ ಬೆಂಚಿನ ಮಧ್ಯೆ ಹಾದುಹೋಗುತ್ತದೆ. ಈ ವ್ಯವಸ್ಥೆ ಹೇಗೆ ಬಂತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೇಶಕ್ಕೆಲ್ಲ ಇದರ ನ್ಯಾಯ ಹೇಳಿದ ಮೊಕದ್ದಮೆಗಳಲ್ಲಿ ಎರಡು ನಮ್ಮ ರಾಜ್ಯದವೇ.

ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸಿದರು. ಸರ್ಕಾರದ ಹಣವಿಲ್ಲದೆ ವೈದ್ಯಕೀಯ ಕಾಲೇಜು ಕಟ್ಟಬಹುದೆಂದು ಅದು ತೋರಿಸಿಕೊಟ್ಟಿತು. ಮುಂದಿನ ಮೂರು ದಶಕಗಳಲ್ಲಿ ಜಾತಿಗೊಂದು, ಮಠಕ್ಕೊಂದು, ಟ್ರಸ್ಟಿಗೊಂದು ಎಂಬಂತೆ ವೃತ್ತಿಪರ ಕಾಲೇಜುಗಳು ಎದ್ದವು. ಡೊನೇಷನ್ ಎಂಬ ಮಾತು ಮನೆಮಾತಾಯಿತು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದಾಗ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ಬಂತು. ಆ ಕಾಯ್ದೆಯ ಅಡಿಯಲ್ಲೇ 1989ರಲ್ಲಿ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಡೊನೇಷನ್ನನ್ನು ತಡೆಯಬೇಕಿದ್ದ ಕಾನೂನೇ ಸೀಟಿಗೆ ಮೂರು ಬೆಲೆ ಕಟ್ಟಿಕೊಟ್ಟಿತು.

ಉತ್ತರಪ್ರದೇಶದ ಮೀರತ್‌ನ ವಿದ್ಯಾರ್ಥಿನಿಯೊಬ್ಬಳು ತುಮಕೂರಿನ ಖಾಸಗಿ ಕಾಲೇಜೊಂದರಲ್ಲಿ ಸೀಟು ಕೇಳಿದಳು. ಅರವತ್ತು ಸಾವಿರ ಕಟ್ಟುವ ಶಕ್ತಿ ಆಕೆಯ ತಂದೆಗೆ ಇರಲಿಲ್ಲ. ಆಕೆ ಸುಪ್ರೀಂ ಕೋರ್ಟಿಗೆ ಹೋದಳು. ‘ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ’ ಮೊಕದ್ದಮೆಯಲ್ಲಿ 1992ರ ಜುಲೈ 30ರಂದು ತೀರ್ಪು ಬಂತು: ಶಿಕ್ಷಣ ಮೂಲಭೂತ ಹಕ್ಕು, ಕ್ಯಾಪಿಟೇಶನ್ ಸಂವಿಧಾನಕ್ಕೆ ವಿರುದ್ಧ. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ಹಕ್ಕನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿ, ವೃತ್ತಿಪರ ಕಾಲೇಜುಗಳಿಗೆ ಒಂದು ಯೋಜನೆ ರೂಪಿಸಿತು. ಅರ್ಧ ಸೀಟು ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು. ಪೇಮೆಂಟ್ ಸೀಟಿನವನು ಕಟ್ಟಿದ ದುಡ್ಡಿನಲ್ಲಿ ಫ್ರೀ ಸೀಟಿನವನು ಓದಬೇಕು. ತೊಂಬತ್ತರ ದಶಕದಲ್ಲಿ ಸಿಇಟಿ ಬರೆದವರಿಗೆ ಆ ಎರಡು ಪದಗಳು ಇವತ್ತಿಗೂ ಮರೆತಿರಲಾರವು.

ಈ ಯೋಜನೆ ಕಾಗದದ ಮೇಲೆ ಬಡವರ ಪರವಾಗಿತ್ತು. ನಡೆದದ್ದು ಬೇರೆ. ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಆಗ ನ್ಯಾಯಾಲಯ ಗುರುತಿಸಿದ ಒಂದು ಸಂಗತಿಯ ಮೇಲೆ ನನ್ನ ಇಂದಿನ ಮಾತು ನಿಂತಿದೆ. ನಗರದಲ್ಲಿ ಒಳ್ಳೆಯ ಶಾಲೆಯಲ್ಲಿ ಓದಿ ಹೆಚ್ಚು ಅಂಕ ತೆಗೆದ ಅನುಕೂಲಸ್ಥರ ಮಗ ಫ್ರೀ ಸೀಟಿನಲ್ಲಿ ಕುಳಿತ. ನಾಲ್ಕು ಅಂಕ ಕಡಿಮೆ ಬಂದ ಹಳ್ಳಿಯ ಹುಡುಗ ಪೇಮೆಂಟ್ ಸೀಟಿಗೆ ಹೋದ. ಹಳ್ಳಿಯವನ ಅಪ್ಪ ಹೊಲ ಮಾರಿದ ದುಡ್ಡಿನಲ್ಲಿ ಪೇಟೆಯವನ ಓದು ಸಾಗಿತು.

ಯೋಜನೆ ಹೋಯಿತು, ಅದರೊಳಗಿದ್ದ ಅನ್ಯಾಯ ಹೋಗಲಿಲ್ಲ. 2005ರ ಇನಾಮದಾರ್ ತೀರ್ಪು ಅನುದಾನರಹಿತ ಕಾಲೇಜುಗಳಲ್ಲಿ ಸರ್ಕಾರ ಬಲವಂತವಾಗಿ ಸೀಟು ಪಡೆಯುವಂತಿಲ್ಲ ಎಂದಿತು. ಅಲ್ಲಿಂದೀಚೆಗೆ ನಮ್ಮಲ್ಲಿ ಪ್ರತಿ ವರ್ಷ ಸರ್ಕಾರಕ್ಕೂ ಖಾಸಗಿ ಕಾಲೇಜುಗಳ ಒಕ್ಕೂಟಕ್ಕೂ ಒಮ್ಮತದ ಒಪ್ಪಂದ ಆಗುತ್ತದೆ. ಬೇಸಿಗೆಯಲ್ಲಿ ಶುಲ್ಕ ಎಷ್ಟು ಏರಬೇಕು ಎಂಬ ಚೌಕಾಸಿ ಪತ್ರಿಕೆಗಳಲ್ಲಿ ಬರುತ್ತದೆ. ಆ ಚೌಕಾಸಿ ನಡೆಯುವುದು ಸೀಟಿನ ಲೆಕ್ಕದಲ್ಲಿ, ಮನೆಯ ಲೆಕ್ಕದಲ್ಲಲ್ಲ.

ಈಗ ನೆರವಿನ ಕಡೆ ತಿರುಗೋಣ. ನಮ್ಮಲ್ಲಿ ನೆರವಿನ ಯೋಜನೆಗಳಿಗೆ ಕೊರತೆಯಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಹಿಂದುಳಿದ ವರ್ಗಗಳ ಶುಲ್ಕ ವಿನಾಯಿತಿ, ವಿದ್ಯಾಸಿರಿ, 2021ರಲ್ಲಿ ಬಂದ ರೈತ ವಿದ್ಯಾನಿಧಿ, ದೇವರಾಜ ಅರಸು ನಿಗಮದ ಮತ್ತು ಅಲ್ಪಸಂಖ್ಯಾತರ ನಿಗಮದ ಅರಿವು ಸಾಲ, ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಎಂದು ಕರೆಯುವ ನೂರಕ್ಕೆ ಐದರ ಹೆಚ್ಚುವರಿ ಸೀಟು. ಇವುಗಳಿಂದ ಓದಿ ಮೇಲೆ ಬಂದ ಸಾವಿರಾರು ಮಕ್ಕಳನ್ನು ನಾನು ನೋಡಿದ್ದೇನೆ; ಈ ಯೋಜನೆಗಳನ್ನು ಹಗುರವಾಗಿ ಮಾತಾಡುವ ಮನಸ್ಸು ನನಗಿಲ್ಲ. ಆದರೆ ಇವುಗಳ ನಿಯಮಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅರಿವು ಸಾಲ ಬೇಕಿದ್ದರೆ ಸಿಇಟಿ ಮೂಲಕ ಸೀಟು ಸಿಕ್ಕಿರಬೇಕು. ಎಸ್‌ಎನ್‌ಕ್ಯೂ ಸೀಟು ಹಂಚುವುದೂ ಸಿಇಟಿ ರ‍್ಯಾಂಕಿನ ಮೇಲೆ. ಮ್ಯಾನೇಜ್‌ಮೆಂಟ್ ಸೀಟಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಸಾಲ ಯೋಜನೆ ದೇಶದ ಆಯ್ದ ಶ್ರೇಷ್ಠ ಸಂಸ್ಥೆಗಳಲ್ಲಿ (ಆರಂಭದಲ್ಲಿ 860) ಅರ್ಹತೆಯ ಮೇಲೆ ಪ್ರವೇಶ ಪಡೆದವರಿಗೆ ಮಾತ್ರ.

ಎಂದರೆ, ರ‍್ಯಾಂಕು ಮೊದಲು ಸೀಟಿನ ಬೆಲೆ ಇಳಿಸುತ್ತದೆ, ಆಮೇಲೆ ನೆರವನ್ನೂ ಕೊಡಿಸುತ್ತದೆ, ಬ್ಯಾಂಕಿನ ಬಾಗಿಲನ್ನೂ ತೆರೆಸುತ್ತದೆ. ರ‍್ಯಾಂಕು ಸ್ವಲ್ಪ ಹಿಂದೆ ಬಿದ್ದವನಿಗೆ ಬೆಲೆ ಏರುತ್ತದೆ, ನೆರವು ನಿಲ್ಲುತ್ತದೆ, ಸಾಲದ ಬಡ್ಡಿಯೂ ಹೆಚ್ಚಾಗುತ್ತದೆ. ಡೊನೇಷನ್ ಕೊಟ್ಟು ಬಂದ ಧನಿಕರ ಮಕ್ಕಳಿಗೆ ಸಾರ್ವಜನಿಕ ಹಣ ಹೋಗಬಾರದು ಎಂಬ ಸರಿಯಾದ ಉದ್ದೇಶದಿಂದಲೇ ಈ ನಿಯಮಗಳು ಬಂದಿವೆ. ಖಾಸಗಿ ಸೀಟಿನಲ್ಲಿರುವವರೆಲ್ಲ ಧನಿಕರು ಎಂದು ಅವು ನಂಬಿಕೊಂಡಿರುವುದೇ ತೊಂದರೆ.

ರ‍್ಯಾಂಕು ಬರುವುದು ಹೇಗೆ ಎಂಬುದನ್ನೂ ಕೇಳಬೇಕಲ್ಲವೇ? ದಕ್ಷಿಣ ಕನ್ನಡದಲ್ಲೋ ಬೆಂಗಳೂರಲ್ಲೋ ವಸತಿಸಹಿತ ಪಿಯು ಕಾಲೇಜಿಗೆ ಸೇರಿಸಿ, ನೀಟ್, ಜೆಇಇ, ಸಿಇಟಿ ತರಬೇತಿ ಕೊಡಿಸಿದರೆ ಎರಡು ವರ್ಷಕ್ಕೆ ಲಕ್ಷಗಟ್ಟಲೆ ಖರ್ಚಾಗುತ್ತದೆ. ಬ್ಯಾಂಕುಗಳ ಶೈಕ್ಷಣಿಕ ಸಾಲದ ಯೋಜನೆ ಇರುವುದು ಪದವಿ ಮತ್ತು ಅದರ ಮೇಲಿನ ಓದಿಗೆ. ಹಾಗಾಗಿ ಈ ಹಣಕ್ಕೆ ಕೈಸಾಲ, ಚೀಟಿ, ಸಂಘದ ಸಾಲ, ಚಿನ್ನ. ವಿಶ್ವವಿದ್ಯಾಲಯದ ಗೇಟು ನೋಡುವ ಮೊದಲೇ ಮನೆ ಅರ್ಧ ಸಾಲಕ್ಕೆ ಬಿದ್ದಿರುತ್ತದೆ. ಆ ಸಾಲ ಮಾಡಲಾಗದವರ ಮಗು ಊರಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ, ಇಪ್ಪತ್ತು ಸಾವಿರದ ಆಚೆಯ ರ‍್ಯಾಂಕು ಪಡೆದು, ದುಬಾರಿ ಸೀಟಿನ ಮುಂದೆ ನಿಲ್ಲುತ್ತದೆ.

ಇನ್ನು ಬ್ಯಾಂಕು. ಭಾರತೀಯ ಬ್ಯಾಂಕುಗಳ ಸಂಘ 2001ರಲ್ಲಿ ರೂಪಿಸಿದ ಮಾದರಿ ಯೋಜನೆಯೇ ಇಂದಿಗೂ ಶೈಕ್ಷಣಿಕ ಸಾಲದ ಬೆನ್ನೆಲುಬು. ನಾಲ್ಕು ಲಕ್ಷದವರೆಗೆ ಅಡಮಾನ ಬೇಡ. ಅದರ ಮೇಲೆ ಏಳೂವರೆ ಲಕ್ಷದವರೆಗೆ ಮೂರನೆಯವರ ಜಾಮೀನು. ಅದನ್ನೂ ಮೀರಿದರೆ ಆಸ್ತಿ ಪತ್ರ. 2015ರಲ್ಲಿ ಬಂದ ಸಾಲ ಖಾತರಿ ನಿಧಿ ಏಳೂವರೆ ಲಕ್ಷದವರೆಗಿನ ಸಾಲಕ್ಕೆ ನೂರಕ್ಕೆ 75ರಷ್ಟು ಸರ್ಕಾರದ ಖಾತರಿ ಕೊಟ್ಟಿತು. ಆದರೂ ಶಾಖೆಗೆ ಹೋದ ತಂದೆಯನ್ನು ಮೊದಲು ಕೇಳುವುದು ಪಹಣಿ ಇದೆಯೇ, ಸೈಟು ಇದೆಯೇ ಎಂದೇ. ಸಾಲ ಮಗುವಿನ ಹೆಸರಲ್ಲಿದ್ದರೂ ಅಪ್ಪನೋ ಅಮ್ಮನೋ ಸಹ-ಸಾಲಗಾರರಾಗಿ ಸಹಿ ಹಾಕಲೇಬೇಕು.

ವಿದ್ಯಾರ್ಥಿಗಳೇ, ಒಂದು ಲೆಕ್ಕ ಮಾಡೋಣ. ಇದನ್ನು ನಿಮಗಾಗಿಯೇ ತಂದಿದ್ದೇನೆ. ನಾಲ್ಕು ವರ್ಷದ ಎಂಜಿನಿಯರಿಂಗಿಗೆ ಏಳೂವರೆ ಲಕ್ಷ ಸಾಲ ಅಂದುಕೊಳ್ಳಿ. ಪ್ರತಿ ವರ್ಷದ ಆರಂಭದಲ್ಲಿ 1,87,500 ರೂಪಾಯಿ ಬಿಡುಗಡೆಯಾಗುತ್ತದೆ. ಬಡ್ಡಿ ನೂರಕ್ಕೆ ಹತ್ತು, ಓದುವ ನಾಲ್ಕು ವರ್ಷ ಮತ್ತು ಆಮೇಲಿನ ಒಂದು ವರ್ಷ ಸರಳ ಬಡ್ಡಿ. ಮೊದಲ ಕಂತಿಗೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಕೂಡಿಸಿದರೆ 2,62,500. ತೀರಿಸಲು ಶುರುಮಾಡುವ ದಿನ ಸಾಲ 10,12,500 ಆಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳ ಕಂತು ಸುಮಾರು 13,400 ರೂಪಾಯಿ. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ಹತ್ತು ವರ್ಷಕ್ಕೂ ಮೇಲ್ಪಟ್ಟು ವರ್ಷಕ್ಕೆ ಮೂರೂವರೆ ಲಕ್ಷದ ಆಚೀಚೆಯೇ ಇದೆ. ಕೈಗೆ ಬರುವುದು ತಿಂಗಳಿಗೆ ಇಪ್ಪತ್ತೈದು ಸಾವಿರದ ಸುತ್ತಮುತ್ತ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋದರೆ ಉಳಿದದ್ದರಲ್ಲೇ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಓಡಾಟ ಆಗಬೇಕು, ಊರಿಗೂ ಏನಾದರೂ ಕಳಿಸಬೇಕು.

ಆ 2,62,500 ರೂಪಾಯಿ ಬಡ್ಡಿಯನ್ನು ಸರ್ಕಾರವೇ ಕಟ್ಟುವ ಯೋಜನೆ 2009ರಿಂದ ಇದೆ. ಕುಟುಂಬದ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಓದುವ ಅವಧಿಯ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿ ಮಾಫಿ. ಸಾಲ ಪಡೆಯುವಾಗಲೇ ಆದಾಯ ಪ್ರಮಾಣಪತ್ರ ಸಲ್ಲಿಸಬೇಕು. ನಾಡಕಚೇರಿಯಲ್ಲಿ ಆ ಕಾಗದ ಮಾಡಿಸಿಕೊಳ್ಳಲು ಯಾರೂ ಹೇಳದೆ, ಮೂರನೆಯ ವರ್ಷ ಬ್ಯಾಂಕಿನಿಂದ ನೋಟಿಸು ಬಂದಾಗ ನನ್ನ ಹತ್ತಿರ ಓಡಿಬಂದ ಮಕ್ಕಳಿದ್ದಾರೆ. ಇಲ್ಲಿರುವ ಯಾರಾದರೂ ಸಾಲದ ಅರ್ಜಿ ಹಾಕುತ್ತಿದ್ದರೆ ದಯವಿಟ್ಟು ಆ ಪತ್ರವನ್ನು ಮೊದಲ ದಿನವೇ ಜೋಡಿಸಿ.

ಇಷ್ಟು ಹೊತ್ತು ಬ್ಯಾಂಕಿನ ಪುಸ್ತಕದಲ್ಲಿ ಕಾಣುವ ಸಾಲದ ಮಾತಾಯಿತು. ದೇಶದಲ್ಲಿ ಅದು ಒಂದು ಲಕ್ಷ ಕೋಟಿ ರೂಪಾಯಿ ದಾಟಿದೆ. ಅದನ್ನು ನೋಡಿದವರು, ಸಾಲವೆಲ್ಲ ಖಾಸಗಿ ಕಾಲೇಜುಗಳದ್ದು, ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಸಾಲವೇ ಇಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ನನ್ನ ಅನುಭವ ಹಾಗೆ ಹೇಳುವುದಿಲ್ಲ.

ನಾನು ಕಾಲೇಜಿನ ವಿದ್ಯಾರ್ಥಿವೇತನ ಸಮಿತಿಯಲ್ಲಿದ್ದಾಗ ಎಂ.ಎಸ್ಸಿ. ಓದುತ್ತಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಶಿಫಾರಸು ಪತ್ರಕ್ಕಾಗಿ ಬಂದಿದ್ದಳು. ರಾಯಚೂರು ಕಡೆಯವಳು. ಸರ್ಕಾರಿ ವಿಶ್ವವಿದ್ಯಾಲಯ, ಬೋಧನಾ ಶುಲ್ಕ ಏನೇನೂ ಅಲ್ಲ. ಹಾಸ್ಟೆಲಿನಲ್ಲಿ ಜಾಗ ಸಿಗದೆ ಮೂವರು ಗೆಳತಿಯರ ಜೊತೆ ರೂಮು ಮಾಡಿದ್ದಳು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಖರ್ಚು ಬರೆದುಕೊಂಡಿದ್ದಳು: ಬಾಡಿಗೆ ಪಾಲು, ಗ್ಯಾಸು, ಪರೀಕ್ಷಾ ಶುಲ್ಕ, ಪ್ರಾಜೆಕ್ಟ್ ಪ್ರಿಂಟು ಮತ್ತು ಬೈಂಡಿಂಗು, ಮೊಬೈಲ್ ರೀಚಾರ್ಜು, ಊರಿನ ಬಸ್ಸು. ವಿದ್ಯಾರ್ಥಿವೇತನ ಮಂಜೂರಾಗಿತ್ತು, ಎರಡು ಸೆಮಿಸ್ಟರ್ ಕಳೆದರೂ ಖಾತೆಗೆ ಬಂದಿರಲಿಲ್ಲ. ‘ಮತ್ತೆ ಹೆಂಗವ್ವ ನಡಸೀದಿ?’ ಎಂದು ಕೇಳಿದೆ. ‘ಅವ್ವನ ಬೋರಮಾಳ ಸರ ಬ್ಯಾಂಕಿನಾಗ ಇಟ್ಟೀವಿ ಸರ್’ ಎಂದು ಪುಸ್ತಕದೊಳಗಿಂದ ರಸೀದಿ ತೆಗೆದು ತೋರಿಸಿದಳು. ರಸೀದಿ ಅಪ್ಪನ ಹೆಸರಿನಲ್ಲಿತ್ತು. ಸಾಲದ ಉದ್ದೇಶ ಎಂಬಲ್ಲಿ ಕೃಷಿ ಎಂದು ಬರೆದಿತ್ತು. ಬೆಳೆಗೆಂದು ಚಿನ್ನ ಇಟ್ಟರೆ ಬಡ್ಡಿ ಕಡಿಮೆ, ಅದಕ್ಕೆ.

ಆ ರಸೀದಿ ನನ್ನ ತಲೆಯಿಂದ ಹೋಗಿಲ್ಲ. ಬ್ಯಾಂಕಿನ ಲೆಕ್ಕದಲ್ಲಿ ಅದು ಕೃಷಿ ಸಾಲ. ಸರ್ಕಾರದ ಲೆಕ್ಕದಲ್ಲಿ ಆ ಹುಡುಗಿ ವಿದ್ಯಾರ್ಥಿವೇತನದ ಫಲಾನುಭವಿ, ಸಾಲವಿಲ್ಲದವಳು. ಮನೆಯ ಲೆಕ್ಕದಲ್ಲಿ ಅದು ಅವಳ ಎಂ.ಎಸ್ಸಿ.ಯ ಸಾಲ. ಮುಂಗಾರು ಕೈಕೊಟ್ಟರೆ ಸರ ಹರಾಜಿಗೆ ಹೋಗುತ್ತದೆ. ಆಗ ಅದನ್ನು ರೈತನ ಸಂಕಷ್ಟ ಎನ್ನುತ್ತೇವೆಯೇ ಹೊರತು ಶಿಕ್ಷಣದ ಸಾಲ ಎನ್ನುವುದಿಲ್ಲ. ಖಾಸಗಿ ವಿಶ್ವವಿದ್ಯಾಲಯದ ಸಾಲಕ್ಕೆ ಖಾತೆ ನಂಬರಿದೆ, ಬಡ್ಡಿ ಸಬ್ಸಿಡಿ ಇದೆ, ಬಡ್ಡಿಯ ಮೇಲೆ ತೆರಿಗೆ ವಿನಾಯಿತಿ ಇದೆ, ತೀರಿಸಲು ಹತ್ತು ಹದಿನೈದು ವರ್ಷ ಅವಧಿ ಇದೆ. ಸರ್ಕಾರಿ ವಿಶ್ವವಿದ್ಯಾಲಯದ ಸಾಲಕ್ಕೆ ಇವು ಯಾವುವೂ ಇಲ್ಲ, ಅದಕ್ಕೆ ಹೆಸರೇ ಇಲ್ಲ. ಮೊತ್ತ ಚಿಕ್ಕದು, ನಿಜ. ಐವತ್ತು ಸಾವಿರ ಸಾಲ ಐವತ್ತು ಸಾವಿರ ವಾರ್ಷಿಕ ಆದಾಯದ ಮನೆಗೆ ಎಷ್ಟು ದೊಡ್ಡದು ಎಂಬುದನ್ನು ಮಾತ್ರ ಮರೆಯಬಾರದು.

ಹಾಗಾಗಿ ಸರ್ಕಾರಿ ಸಂಸ್ಥೆಗಳಲ್ಲಿ ನೆರವೆಂದರೆ ಬೋಧನಾ ಶುಲ್ಕವಲ್ಲ. ಊಟ, ಹಾಸಿಗೆ, ಬಸ್ಸು. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ತಿಳಿದಿತ್ತು. ಸಿದ್ಧಗಂಗೆಯ ದಾಸೋಹ, ಧಾರವಾಡದ ಮುರುಘಾಮಠದ ಪ್ರಸಾದ ನಿಲಯ, ಊರೂರಿನ ಸಮುದಾಯದ ಹಾಸ್ಟೆಲುಗಳು ಓದುವ ಮಗುವಿನ ಕೈಗೆ ದುಡ್ಡು ಕೊಡಲಿಲ್ಲ, ತಟ್ಟೆಗೆ ಅನ್ನ ಹಾಕಿದವು. ಗೌರಿಬಿದನೂರಿನ ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ ಹುಡುಗ ಎಚ್. ನರಸಿಂಹಯ್ಯ, ಮುಂದೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅವರನ್ನು ಬೆಳೆಸಿದ್ದೂ, ಅವರು ಕೊನೆಯವರೆಗೆ ಬಾಳಿದ್ದೂ ಹಾಸ್ಟೆಲಿನ ಕೋಣೆಯಲ್ಲೇ. ಅವರು ಬೆಳೆಸಿದ ನ್ಯಾಷನಲ್ ಎಜುಕೇಷನ್ ಸೊಸೈಟಿ 1917ರ ಖಾಸಗಿ ಸಂಸ್ಥೆ. ಖಾಸಗಿ ಎಂದರೆ ಲಾಭ ಎಂಬ ಅರ್ಥ ಆಗ ಇರಲಿಲ್ಲ. ಸಮುದಾಯದ ಹಾಸ್ಟೆಲುಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ದಲಿತ ಮಕ್ಕಳಿಗೆ ಅನೇಕ ಕಡೆ ಆ ಪಂಕ್ತಿಯಲ್ಲಿ ಎಲೆಯೇ ಇರಲಿಲ್ಲ. ಸಮಾಜ ಕಲ್ಯಾಣ ಇಲಾಖೆಯ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿನಿಲಯಗಳು ಬಂದ ಮೇಲೆಯೇ ಆ ಮಕ್ಕಳು ಪದವಿಯವರೆಗೆ ಓದಲು ಸಾಧ್ಯವಾದದ್ದು. ನನ್ನ ದೃಷ್ಟಿಯಲ್ಲಿ ಕಳೆದ ಅರ್ಧ ಶತಮಾನದಲ್ಲಿ ಕರ್ನಾಟಕ ಉನ್ನತ ಶಿಕ್ಷಣಕ್ಕೆ ಕೊಟ್ಟ ಅತಿ ದೊಡ್ಡ ಆರ್ಥಿಕ ನೆರವು ಆ ಹಾಸ್ಟೆಲುಗಳೇ. ಹಾಸ್ಟೆಲಿನಲ್ಲಿ ಜಾಗ ಸಿಗದವರಿಗಾಗಿ ಬಂದ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡಲು ಆರಂಭಿಸಿದರು. ಇವತ್ತು ಆ ದುಡ್ಡಿಗೆ ಜಿಲ್ಲಾ ಕೇಂದ್ರಗಳಲ್ಲಿಯೂ ಊಟ ವಸತಿ ಎರಡೂ ಆಗುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯಿಂದ ದಿನಾ ಓಡಾಡಿ ಓದುವ ಹೆಣ್ಣುಮಕ್ಕಳ ಬಸ್ಸಿನ ಖರ್ಚು ತಪ್ಪಿತು. ಅದನ್ನು ಯಾರೂ ವಿದ್ಯಾರ್ಥಿವೇತನ ಎಂದು ಕರೆಯುವುದಿಲ್ಲ, ಕೆಲಸ ಮಾತ್ರ ಅದೇ ಮಾಡುತ್ತಿದೆ.

ಸರ್ಕಾರಿ ಎಂದ ಮಾತ್ರಕ್ಕೆ ಅಗ್ಗ ಎಂಬುದೂ ಈಗ ಉಳಿದಿಲ್ಲ. ಐಐಟಿಗಳ ಬಿ.ಟೆಕ್. ಬೋಧನಾ ಶುಲ್ಕ 2016ರಲ್ಲಿ ವರ್ಷಕ್ಕೆ 90 ಸಾವಿರದಿಂದ ಒಮ್ಮೆಲೇ ಎರಡು ಲಕ್ಷಕ್ಕೆ ಏರಿತು. ಬೆಂಗಳೂರಿನ ಐಐಎಂ ಸಾರ್ವಜನಿಕ ಸಂಸ್ಥೆಯೇ. ಅಲ್ಲಿನ ಎರಡು ವರ್ಷದ ಓದಿಗೆ ಇಪ್ಪತ್ತು ಲಕ್ಷ ಮೀರುತ್ತದೆ. ಐಐಟಿಗಳು ಏರಿಸುವಾಗ ಒಂದು ಒಳ್ಳೆಯ ಕೆಲಸವನ್ನೂ ಮಾಡಿದವು. ಪರಿಶಿಷ್ಟರಿಗೆ, ಅಂಗವಿಕಲರಿಗೆ, ವರ್ಷಕ್ಕೆ ಲಕ್ಷ ರೂಪಾಯಿಯೊಳಗೆ ಆದಾಯ ಇರುವ ಮನೆಯ ಮಕ್ಕಳಿಗೆ ಬೋಧನಾ ಶುಲ್ಕ ಪೂರ್ತಿ ಮಾಫಿ. ಒಂದರಿಂದ ಐದು ಲಕ್ಷದೊಳಗಿದ್ದರೆ ಮೂರನೆಯ ಎರಡು ಭಾಗ ಮಾಫಿ. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳ ಸ್ಥಿತಿ ಬೇರೆ. ಪಿಂಚಣಿ ಕೊಡಲು ಹಣ ಸಾಲದೆ, ಖಾಲಿ ಹುದ್ದೆಗಳನ್ನು ಅತಿಥಿ ಉಪನ್ಯಾಸಕರಿಂದ ತುಂಬಿಕೊಂಡು, ಸ್ವಯಂ ಹಣಕಾಸಿನ ಕೋರ್ಸುಗಳನ್ನು ತೆರೆದು ಅದೇ ವಿಭಾಗದಲ್ಲಿ ದುಬಾರಿ ಸೀಟು ಮಾರುವ ಹಂತಕ್ಕೆ ಬಂದಿವೆ. 2023ರ ಮಾರ್ಚ್‌ನಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳು ಒಂದೇ ದಿನ ಉದ್ಘಾಟನೆಯಾದವು. ಎರಡು ವರ್ಷ ತುಂಬುವ ಮೊದಲೇ, ಹಣವಿಲ್ಲವೆಂದು ಇವುಗಳಲ್ಲಿ ಹೆಚ್ಚಿನವೂ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಲು ಸಂಪುಟ ಉಪಸಮಿತಿ ಶಿಫಾರಸು ಮಾಡಿತು. ಬಡ ವಿಶ್ವವಿದ್ಯಾಲಯ ಬಡ ವಿದ್ಯಾರ್ಥಿಗೆ ಏನು ಕೊಟ್ಟೀತು?

ಇಲ್ಲಿ ಅಮೆರಿಕದ ಮಾತು ತರಬೇಕು, ಏಕೆಂದರೆ ನಮ್ಮ ಖಾಸಗಿ ವಿಶ್ವವಿದ್ಯಾಲಯಗಳು ತಮ್ಮ ಮಾದರಿ ಅಲ್ಲಿದೆ ಎನ್ನುತ್ತವೆ. ಅಲ್ಲಿ 2023-24ರಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದ ವಿದ್ಯಾರ್ಥಿಗೆ ಘೋಷಿಸಿದ ಸರಾಸರಿ ವಾರ್ಷಿಕ ಶುಲ್ಕ 11 ಸಾವಿರ ಡಾಲರ್ ಚಿಲ್ಲರೆ, ಲಾಭರಹಿತ ಖಾಸಗಿಗಳದ್ದು 41 ಸಾವಿರ ಚಿಲ್ಲರೆ. ಆದರೆ ಆ ಖಾಸಗಿಗಳು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಘೋಷಿತ ಶುಲ್ಕದಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ತಾವೇ ಬಿಟ್ಟುಕೊಡುತ್ತವೆ. ಶುಲ್ಕದಲ್ಲಿ ಸುಮಾರು ನಾಲ್ಕು ಪಟ್ಟು ಅಂತರವಿದ್ದರೂ, ಸಾಲ ಮಾಡಿ ಪದವಿ ಮುಗಿಸಿದವರ ಸರಾಸರಿ ಸಾಲದಲ್ಲಿ ಅಷ್ಟು ಅಂತರ ಕಾಣುವುದಿಲ್ಲ. ಪ್ರಿನ್ಸ್‌ಟನ್ 2001ರಲ್ಲಿ ತನ್ನ ನೆರವಿನ ಪಟ್ಟಿಯಿಂದ ಸಾಲವನ್ನೇ ತೆಗೆದು ಅನುದಾನ ಕೊಡಲು ಶುರುಮಾಡಿತು. ಕೆಂಟಕಿಯ ಬೆರಿಯ ಕಾಲೇಜು 1892ರಿಂದ ಬೋಧನಾ ಶುಲ್ಕ ಪಡೆದಿಲ್ಲ; ಮಕ್ಕಳೆಲ್ಲ ಕ್ಯಾಂಪಸ್ಸಿನಲ್ಲೇ ದುಡಿಯುತ್ತಾರೆ. ಈ ಎರಡಕ್ಕೂ ಆಧಾರ ದಶಕಗಳ ಕಾಲ ಕೂಡಿಟ್ಟ ದತ್ತಿನಿಧಿ. ನಮ್ಮ ಖಾಸಗಿಗಳು ಅಲ್ಲಿನ ಶುಲ್ಕವನ್ನು ನೋಡಿ ಕಲಿತಿವೆ, ಬಿಟ್ಟುಕೊಡುವುದನ್ನು ಬಹುಪಾಲು ಕಲಿತಿಲ್ಲ. ಕುಟುಂಬದ ಆದಾಯ ನೋಡಿ ಶುಲ್ಕ ಇಳಿಸುವ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥವು ಬೆರಳೆಣಿಕೆಯಷ್ಟು.

ಅಮೆರಿಕ ಎಚ್ಚರಿಕೆಯೂ ಹೌದು. ಅಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ 1.6 ಟ್ರಿಲಿಯನ್ ಡಾಲರ್ ದಾಟಿದೆ, ನಾಲ್ಕು ಕೋಟಿಗೂ ಹೆಚ್ಚು ಜನ ಸಾಲಗಾರರು. ದಿವಾಳಿ ಎಂದು ಘೋಷಿಸಿಕೊಂಡರೂ ಈ ಸಾಲ ಸುಲಭವಾಗಿ ಬಿಡುವುದಿಲ್ಲ. ಮಾಫಿ ಮಾಡಲು ಅಧ್ಯಕ್ಷ ಬೈಡನ್ ತಂದ ಯೋಜನೆಯನ್ನು 2023ರ ಜೂನ್ 30ರಂದು ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕಂತು ಕಟ್ಟಲಾಗದೆ ಮುಳುಗುವವರಲ್ಲಿ ಹೆಚ್ಚಿನವರು ದೊಡ್ಡ ಸಾಲದ ವೈದ್ಯರೋ ವಕೀಲರೋ ಅಲ್ಲ. ಸ್ವಲ್ಪ ಸಾಲ ಮಾಡಿ ಓದನ್ನು ಅರ್ಧಕ್ಕೆ ಬಿಟ್ಟವರು. ಕೈಯಲ್ಲಿ ಪದವಿಯಿಲ್ಲ, ತಲೆಯ ಮೇಲೆ ಸಾಲವಿದೆ. ನಮ್ಮಲ್ಲೂ ಓದು ಬಿಟ್ಟವರ ಸಾಲವನ್ನು ಬೇರೆಯಾಗಿ ಎಣಿಸಬೇಕಾದ ಕಾಲ ಬಂದಿದೆ. ಎಂ.ಎಸ್. ಓದಲು ಅಲ್ಲಿಗೆ ಹೊರಟಿರುವ ನಮ್ಮ ಮಕ್ಕಳಿಗೂ ಒಂದು ಮಾತು: ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದ ಅಗ್ಗದ ಶುಲ್ಕ ಅಲ್ಲಿನ ರಾಜ್ಯದವರಿಗೆ ಮಾತ್ರ. ನಿಮಗೆ ಹೊರಗಿನವರ ಶುಲ್ಕ, ಅದೂ ಡಾಲರಿನಲ್ಲಿ. ಅದಕ್ಕೆ ಇಲ್ಲಿ ಅಡವಿಡುವುದು ಅಪ್ಪ ಕಟ್ಟಿಸಿದ ಮನೆ.

ಏನು ಮಾಡಬಹುದು? ನನಗೆ ಮುಖ್ಯವಾಗಿ ಕಾಣುವುದು ಒಂದೇ: ನೆರವು ಸೀಟಿನ ಹಿಂದೆ ಹೋಗುವುದನ್ನು ಬಿಟ್ಟು ವಿದ್ಯಾರ್ಥಿಯ ಹಿಂದೆ ಹೋಗಬೇಕು. ಒಂದು ಕುಟುಂಬದ ಆದಾಯ ಎರಡು ಲಕ್ಷ ಎಂದಾದರೆ ಅದರ ಮಗಳು ಸರ್ಕಾರಿ ಸೀಟಿನಲ್ಲಿದ್ದರೂ ಖಾಸಗಿ ಸೀಟಿನಲ್ಲಿದ್ದರೂ ಆ ಆದಾಯ ಎರಡು ಲಕ್ಷವೇ. ಐಐಟಿಗಳು ಮಾಡಿರುವಂತೆ ಆದಾಯದ ಮೆಟ್ಟಿಲು ಹಾಕಿ ಶುಲ್ಕ ಇಳಿಸುವುದನ್ನು ವಾರ್ಷಿಕ ಒಪ್ಪಂದದೊಳಗೇ ಬರೆಯಬಹುದು. ಟಿ.ಎಂ.ಎ. ಪೈ ತೀರ್ಪು ಒಬ್ಬ ವಿದ್ಯಾರ್ಥಿಯ ಹೊರೆಯನ್ನು ಇನ್ನೊಬ್ಬನ ಮೇಲೆ ಹೇರುವುದನ್ನು ಒಪ್ಪಲಿಲ್ಲ. ಬಡವರಿಗೆ ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನ ಕೊಡುವ ಹೊಣೆಯಿಂದ ಖಾಸಗಿ ಸಂಸ್ಥೆಗಳನ್ನು ಪೂರ್ತಿ ಬಿಡಿಸಲೂ ಇಲ್ಲ. ಹೆಚ್ಚುವರಿ ಉಳಿತಾಯವನ್ನು ಕಟ್ಟಡಕ್ಕೆ ಹಾಕಲು ಅನುಮತಿ ಇರುವಾಗ ಮಕ್ಕಳಿಗೆ ಹಾಕುವುದನ್ನು ಕೇಳಲು ನಾವೇಕೆ ಹಿಂಜರಿಯಬೇಕು? ಅಮೆರಿಕದಲ್ಲಿ 2011ರಿಂದ, ಕೇಂದ್ರ ಸರ್ಕಾರದ ನೆರವು ಪಡೆಯುವ ಕಾಲೇಜುಗಳು, ಇಂಥ ಆದಾಯದ ಮನೆಯ ಮಗುವಿಗೆ ನೆರವು ಕಳೆದು ಕೈಯಿಂದ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿ ತೋರಿಸುವ ವ್ಯವಸ್ಥೆ ಇಡಬೇಕೆಂದು ಕಾನೂನಿದೆ. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಪ್ರಕಟಿಸುವ ಶುಲ್ಕದ ಪಟ್ಟಿಯಲ್ಲಿ ಅಂಥ ಒಂದು ಕಾಲಂ ಸೇರಿಸಿದರೆ, ಯಾವ ಕಾಲೇಜು ಬಿಟ್ಟುಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂಬುದು ಜನಕ್ಕೆ ತಿಳಿಯುತ್ತದೆ.

ಸಾಲ ತೀರಿಸುವ ರೀತಿಯನ್ನೂ ಬದಲಿಸಬಹುದು. ಆಸ್ಟ್ರೇಲಿಯಾ 1989ರಲ್ಲಿ, ಅರ್ಥಶಾಸ್ತ್ರಜ್ಞ ಬ್ರೂಸ್ ಚಾಪ್‌ಮನ್ ವಿನ್ಯಾಸಗೊಳಿಸಿದ ಒಂದು ಪದ್ಧತಿ ತಂದಿತು. ಓದಿದವರ ಆದಾಯ ಒಂದು ಮಟ್ಟ ದಾಟುವವರೆಗೆ ಕಂತೇ ಇಲ್ಲ. ದಾಟಿದ ಮೇಲೆ ತೆರಿಗೆಯ ಜೊತೆ ಸಂಬಳದಿಂದಲೇ ಕಡಿತ. ಕೆಲಸ ಹೋದರೆ ಕಡಿತ ನಿಲ್ಲುತ್ತದೆ, ಅಪ್ಪನ ಮನೆಗೆ ನೋಟಿಸು ಬರುವುದಿಲ್ಲ. ನಮ್ಮಲ್ಲಿ ಬಹುಪಾಲು ದುಡಿಮೆ ತೆರಿಗೆಯ ಲೆಕ್ಕಕ್ಕೆ ಸಿಗದು, ಹಾಗಾಗಿ ಇದು ಆಗದು ಎನ್ನುವವರಿದ್ದಾರೆ. ಅವರ ಆಕ್ಷೇಪದಲ್ಲಿ ತೂಕವಿದೆ. ಆದರೂ ಭವಿಷ್ಯನಿಧಿ ಕಡಿತವಾಗುವ ಕೆಲಸಗಳಿಗೆ, ಸರ್ಕಾರಿ ನೌಕರಿಗಳಿಗೆ ಇದನ್ನು ಅನ್ವಯಿಸಿ ನೋಡಲು ಅಡ್ಡಿಯಿಲ್ಲ. ಅರಿವು ಸಾಲದಿಂದಲೇ ಆರಂಭಿಸಬಹುದು, ಅದು ರಾಜ್ಯದ ಕೈಯಲ್ಲಿರುವುದು.

ಇವೆಲ್ಲ ಬೆಂಗಳೂರಲ್ಲೂ ದೆಹಲಿಯಲ್ಲೂ ಆಗಬೇಕಾದವು, ಹೊತ್ತು ಹಿಡಿಯುತ್ತವೆ. ಈ ವಿಶ್ವವಿದ್ಯಾಲಯದೊಳಗೇ ಆಗಬಹುದಾದವು ಎರಡಿವೆ. ಮೊದಲನೆಯದು ದತ್ತಿ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ದಾನಿಗಳು ಕೊಟ್ಟ ನೂರಾರು ದತ್ತಿಗಳಿವೆ. ಹೆಚ್ಚಿನವು ಚಿನ್ನದ ಪದಕಕ್ಕೆ, ನಗದು ಬಹುಮಾನಕ್ಕೆ, ಇಂಥ ಉಪನ್ಯಾಸಗಳಿಗೆ ಮೀಸಲು. ದಶಕಗಳ ಹಿಂದೆ ಕೊಟ್ಟ ಐದು ಸಾವಿರದ ಬಡ್ಡಿಯಲ್ಲಿ ಈಗ ಪದಕಕ್ಕೆ ಚಿನ್ನದ ಲೇಪನವೂ ಆಗುವುದಿಲ್ಲ. ದಾನಿಗಳ ಕುಟುಂಬಗಳನ್ನು ಕೇಳಿ, ಒಪ್ಪಿದವರ ದತ್ತಿಗಳನ್ನು ಒಗ್ಗೂಡಿಸಿ, ಒಂದು ಮೆಸ್ ನಿಧಿ ಮಾಡಿ. ವಿದ್ಯಾರ್ಥಿವೇತನ ಬರುವವರೆಗೆ ಅದರಿಂದ ಊಟದ ಬಿಲ್ಲು ಕಟ್ಟಿ, ಬಂದ ಮೇಲೆ ನಿಧಿಗೆ ವಾಪಸು ತುಂಬಿ. ಈ ದತ್ತಿಯ ಕುಟುಂಬದವರು ಭಾಷಣಕ್ಕೆ ಮೊದಲೇ ನನ್ನೊಡನೆ ಈ ವಿಷಯ ಮಾತಾಡಿ ಒಪ್ಪಿಗೆ ಸೂಚಿಸಿದರು. ಅವರಿಗೆ ನಾನು ಋಣಿ.

ಎರಡನೆಯದು ಹಾಲ್‌ಟಿಕೆಟ್. ಸರ್ಕಾರ ಕೊಡಬೇಕಾದ ಶುಲ್ಕ ಮರುಪಾವತಿ ಬಂದಿಲ್ಲವೆಂದು ವಿದ್ಯಾರ್ಥಿಯ ಹಾಲ್‌ಟಿಕೆಟ್ಟನ್ನೋ ಅಂಕಪಟ್ಟಿಯನ್ನೋ ತಡೆದಿಡುವ ರೂಢಿ ಸಂಯೋಜಿತ ಕಾಲೇಜುಗಳಲ್ಲಿ ಇದೆ, ವಿಭಾಗಗಳಲ್ಲೂ ಇದೆ. ಬಾಕಿದಾರ ಸರ್ಕಾರ, ತಡೆದಿಡುವುದು ಮಗುವಿನ ಕಾಗದ. ಪರೀಕ್ಷೆಗೆ ವಾರವಿರುವಾಗ ಆ ಕಾಗದಕ್ಕಾಗಿ ಮನೆಯವರು ಮತ್ತೊಮ್ಮೆ ಚಿನ್ನದಂಗಡಿಗೆ ಹೋಗುತ್ತಾರೆ. ಮಂಜೂರಾತಿ ಪತ್ರ ತೋರಿಸಿದ ಯಾವ ವಿದ್ಯಾರ್ಥಿಯ ದಾಖಲೆಯನ್ನೂ ತಡೆಯಬಾರದು ಎಂದು ಒಂದು ಸುತ್ತೋಲೆ ಹೊರಡಿಸಲು ವಿಶ್ವವಿದ್ಯಾಲಯಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಒಂದು ರೂಪಾಯಿ ಖರ್ಚೂ ಇಲ್ಲ. ಸಿಂಡಿಕೇಟ್ ಸದಸ್ಯರಲ್ಲಿ ನನ್ನ ವಿನಂತಿ: ಮುಂದಿನ ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ಪ್ರಕಟವಾಗುವ ಮೊದಲು ನಡೆಯುವ ನಿಮ್ಮ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿಕೊಳ್ಳಿ.